ಬ್ಯಾಟರಿ ಬದಲಾಯಿಸಿದ ಮೇಲೆ ಕಾರಿನ ಅಲಾರಂ ಕೈಕೊಟ್ಟಾಗ

ಮಹಾನಗರಗಳಲ್ಲಿ ನೆಲೆ ನಿಂತಿರುವ ಕನ್ನಡಿಗ ಕುಟುಂಬಗಳಿಗೆ ಮೇ ತಿಂಗಳೆಂದರೆ ಊರಿನ ತಿಂಗಳು. ಮಕ್ಕಳಿಗೆ ಶಾಲೆಯ ರಜೆ, ಊರಿನಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಸಾಲು, ಮಾವು ಹಲಸಿನ ಸುಗ್ಗಿ. ಮುಂಬಯಿಯ ಮನೆಗೆ ಬೀಗ ಹಾಕಿ, ಸೊಸೈಟಿಯ ಆವರಣದಲ್ಲಿ ಕಾರನ್ನು ನಿಲ್ಲಿಸಿ, ಅಲಾರಂನ ಗುಂಡಿಯನ್ನೊತ್ತಿ, ಕೊಂಕಣ ರೈಲ್ವೆಯ ಗಾಡಿ ಹತ್ತುವುದು ನಮ್ಮಲ್ಲಿ ಅನೇಕರು ವರ್ಷವರ್ಷವೂ ನಡೆಸಿಕೊಂಡು ಬಂದಿರುವ ಪದ್ಧತಿ. ಮಳೆಗಾಲದ ಆರಂಭಕ್ಕೆ ಮರಳಿ ಬಂದು ನೋಡಿದರೆ ಕಾರಿನ ಬ್ಯಾಟರಿ ಬರಿದಾಗಿರುತ್ತದೆ. ಹೊಸ ಬ್ಯಾಟರಿ ಹಾಕಿಸಿದರೆ ಅಲ್ಲಿಗೆ ತೊಂದರೆ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಎಷ್ಟೋ ಸಂದರ್ಭಗಳಲ್ಲಿ ನಿಜವಾದ ತೊಂದರೆ ಆರಂಭವಾಗುವುದೇ ಆಗ. ನಿನ್ನೆಯವರೆಗೆ ಸರಿಯಾಗಿದ್ದ ಅಲಾರಂ ಒಂದೋ ಮೌನ ತಾಳುತ್ತದೆ, ಇಲ್ಲವೇ ನಡುರಾತ್ರಿಯಲ್ಲಿ ಅಕಾರಣವಾಗಿ ಬೊಬ್ಬಿಡುತ್ತದೆ, ಇನ್ನೂ ಕೆಲವೊಮ್ಮೆ ಕಾರನ್ನೇ ಚಾಲೂ ಆಗಗೊಡುವುದಿಲ್ಲ.

ಈ ವಿಷಯವಾಗಿ ನಮ್ಮ ಅನುಭವಕ್ಕೆ ಬಂದುದನ್ನೂ, ಬಲ್ಲವರಿಂದ ಕೇಳಿ ತಿಳಿದುದನ್ನೂ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಮನೆಯಲ್ಲಿ ನಡೆದ ಪ್ರಸಂಗ

ಕೆಲವು ವರ್ಷಗಳ ಹಿಂದೆ ಕುಂದಾಪುರದ ಕಡೆಯ ನಮ್ಮ ಊರಿನಲ್ಲಿ ಒಂದು ತಿಂಗಳು ಕಳೆದು ಜೂನ್ ಮೊದಲ ವಾರದಲ್ಲಿ ಮುಂಬಯಿಗೆ ಮರಳಿದ್ದೆವು. ನಮ್ಮ ಮಾತೃಶ್ರೀಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ನಿಶ್ಚಯವಾಗಿತ್ತು. ಬೆಳಗ್ಗೆ 7 ಗಂಟೆಗೆ ಆಸ್ಪತ್ರೆಯಲ್ಲಿರಬೇಕೆಂದು ವೈದ್ಯರು ತಿಳಿಸಿದ್ದರು. ಹಿಂದಿನ ದಿನ ಕಾರಿನ ಬಳಿ ಹೋದರೆ ಬ್ಯಾಟರಿಯಲ್ಲಿ ಕಿಂಚಿತ್ತೂ ಜೀವವಿರಲಿಲ್ಲ. ಸಮೀಪದ ಅಂಗಡಿಯಿಂದ ಬಂದ ಹುಡುಗನು ಕಾಲು ಗಂಟೆಯಲ್ಲಿ ಹೊಸ ಬ್ಯಾಟರಿಯನ್ನು ಕೂರಿಸಿ, ಹೆಡ್‌ಲೈಟ್ ಉರಿಸಿ, ಹಾರನ್ ಬಾರಿಸಿ ತೋರಿಸಿ, ಹಣ ಪಡೆದು ಹೊರಟುಹೋದನು. ಎಂಜಿನ್ ಚಾಲೂ ಮಾಡಿಸಿ ನೋಡಬೇಕೆಂಬುದು ನಮಗೂ ಹೊಳೆಯಲಿಲ್ಲ.

ಸಂಜೆ ಕಾರಿನ ಬಾಗಿಲು ಹಾಕಲೆಂದು ರಿಮೋಟಿನ ಗುಂಡಿಯೊತ್ತಿದರೆ ಸದ್ದೂ ಇಲ್ಲ, ಇಂಡಿಕೇಟರಿನ ಮಿನುಗೂ ಇಲ್ಲ. ದೂರವಾಣಿಯಲ್ಲಿ ವಿಚಾರಿಸಿದಾಗ, ಅಲಾರಂ ಸುಟ್ಟುಹೋಗಿರಬೇಕು, ನಾಳೆ ಬಂದು ಅದರ ತಂತಿಗಳನ್ನು ಕತ್ತರಿಸಿ ತೆಗೆಯುತ್ತೇನೆ, ಬೇಕಾದರೆ ಹೊಸದನ್ನು ಹಾಕಿಸಿಕೊಳ್ಳಿ ಎಂಬ ಉತ್ತರ ಬಂದಿತು. ಮರುದಿನ ಬೆಳಗ್ಗೆ ಆರೂವರೆಗೆ, ತಾಯಿಯವರನ್ನು ಹಿಂದಿನ ಆಸನದಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ ಎಂಜಿನ್ ಅಲುಗಲಿಲ್ಲ. ಮಳೆ ಸುರಿಯುತ್ತಿತ್ತು. ಕೊನೆಗೆ ನೆರೆಮನೆಯವರು ಹುಡುಕಿ ತಂದ ಟ್ಯಾಕ್ಸಿಯಲ್ಲಿ ಆಸ್ಪತ್ರೆಯನ್ನು ತಲುಪಿದೆವು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನೆರವೇರಿತು. ಆದರೆ ಆ ಅರ್ಧ ಗಂಟೆಯ ಪೇಚಾಟವನ್ನು ನಾವಿನ್ನೂ ಮರೆತಿಲ್ಲ.

ಅಂದು ಸಂಜೆ, ಸಾರಿಗೆ ಸಂಸ್ಥೆಯೊಂದರ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ನಮ್ಮ ಪರಿಚಯದ ಹಿರಿಯರೊಬ್ಬರು ತಾಯಿಯವರ ಕುಶಲ ವಿಚಾರಿಸಲು ಬಂದರು. ಕಾರಿನ ಸಂಗತಿ ಕೇಳಿದ ಕೂಡಲೇ, "ಮೊದಲು ಬ್ಯಾಟರಿಯ ಬುಡ ನೋಡೋಣ, ಅಲಾರಂನ ತಲೆ ಆಮೇಲೆ ನೋಡಿದರಾಯಿತು" ಎಂದು ಬಾನೆಟ್ ತೆರೆಯಿಸಿದರು. ಬ್ಯಾಟರಿಯ ಮರೆಯಲ್ಲಿ ತೆಳ್ಳನೆಯ ಕಪ್ಪು ತಂತಿಯೊಂದು ಅನಾಥವಾಗಿ ಜೋತುಬಿದ್ದಿತ್ತು. ಅದರ ತುದಿಯ ಪುಟ್ಟ ಬಳೆಯನ್ನು ಬ್ಯಾಟರಿಯ ಋಣ ಕ್ಲಾಂಪಿಗೆ ಸೇರಿಸಿ ಬೋಲ್ಟ್ ಬಿಗಿಯುತ್ತಿದ್ದಂತೆಯೇ ಸೈರನ್ ಇಡೀ ಸೊಸೈಟಿಗೆ ಕೇಳಿಸುವಂತೆ ಕಿರುಚಿತು. ಹಿರಿಯರು ನಕ್ಕು, "ಗಾಬರಿಯಾಗಬೇಡಿ, ಅದಕ್ಕೆ ನೆನಪು ಮರಳಿತು ಅಷ್ಟೆ, ರಿಮೋಟ್ ಒತ್ತಿ" ಎಂದರು. ಒತ್ತಿದೆವು. ಸದ್ದು ನಿಂತಿತು, ಬಾಗಿಲುಗಳು ತೆರೆದುಕೊಂಡವು, ಕಾರು ಮೊದಲ ಸಲಕ್ಕೇ ಚಾಲೂ ಆಯಿತು. ಊರಿಗೆ ಹೊರಟ ದಿನ ನಾವು ಒತ್ತಿದ ಗುಂಡಿಯ ಆಜ್ಞೆಯನ್ನು ಆ ಯಂತ್ರವು ಇನ್ನೂ ಪಾಲಿಸುತ್ತಿತ್ತು! ಅದು ಸುಟ್ಟಿರಲಿಲ್ಲ, ಕೆಟ್ಟಿರಲೂ ಇಲ್ಲ. ಒಂದು ತಂತಿಯ ಸಂಪರ್ಕವಷ್ಟೇ ಅದಕ್ಕೆ ತಪ್ಪಿತ್ತು.

ಬ್ಯಾಟರಿ ಬದಲಾಯಿಸಿದ ಬೆನ್ನಲ್ಲೇ ಅಲಾರಂ ಕೈಕೊಟ್ಟರೆ ಅದು ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಅದಕ್ಕೆ ವಿದ್ಯುತ್ತು ತಲುಪುತ್ತಿದೆಯೇ, ಅದು ಹಳೆಯ ಯಾವುದಾದರೂ ಆಜ್ಞೆಯಲ್ಲಿ ನಿಂತಿದೆಯೇ ಎಂಬೆರಡನ್ನು ನೋಡತಕ್ಕದ್ದು. ಬಹುಪಾಲು ತೊಂದರೆಗಳು ಈ ಎರಡರಲ್ಲೇ ಅಡಗಿರುತ್ತವೆ.

ನಿಂತ ಕಾರಿನ ಬ್ಯಾಟರಿ ಏಕೆ ಬರಿದಾಗುತ್ತದೆ?

ಕಾರು ನಿಂತಿದ್ದರೂ ಅಲಾರಂ ನಿದ್ರಿಸುವುದಿಲ್ಲ. ರಿಮೋಟಿನ ಕರೆಗೆ ಕಿವಿಗೊಡುತ್ತ, ಬಾಗಿಲು ಬಾನೆಟ್‌ಗಳ ಮೇಲೆ ಕಣ್ಣಿಡುತ್ತ ಅಲ್ಪ ಪ್ರಮಾಣದ ವಿದ್ಯುತ್ತನ್ನು ಸದಾ ಸೇವಿಸುತ್ತಿರುತ್ತದೆ. ಕಾರಿನ ಗಡಿಯಾರ, ರೇಡಿಯೋ, ಎಂಜಿನ್ ನಿಯಂತ್ರಿಸುವ ಗಣಕ ಇವುಗಳೂ ಜೊತೆಗೂಡುತ್ತವೆ. ಇವೆಲ್ಲ ಸೇರಿ 30 ಮಿಲಿಆಂಪಿಯರ್ ಎಂದಿಟ್ಟುಕೊಳ್ಳೋಣ. ದಿನದ 24 ಗಂಟೆಗೆ ಅದು 0.72 ಆಂಪಿಯರ್ ಗಂಟೆಯಾಯಿತು. 30 ದಿನಗಳಿಗೆ 21.6 ಆಂಪಿಯರ್ ಗಂಟೆ. ಸಣ್ಣ ಕಾರಿನ ಬ್ಯಾಟರಿಯ ಸಾಮರ್ಥ್ಯವೇ ಸುಮಾರು 35 ಆಂಪಿಯರ್ ಗಂಟೆ. ಮೂರು ನಾಲ್ಕು ವರ್ಷ ದುಡಿದು ಅರ್ಧ ಶಕ್ತಿ ಕಳೆದುಕೊಂಡ ಬ್ಯಾಟರಿಯು ಒಂದು ತಿಂಗಳ ಈ ಉಪವಾಸವನ್ನು ತಾಳಲಾರದು.

ಮನೆಯಲ್ಲೊಂದು ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ಸ್ಥಿತಿಯನ್ನು ನಾವೇ ಅಳೆಯಬಹುದು. ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಒಂದೊಂದೂ ಸುಮಾರು 2.1 ವೋಲ್ಟಿನಷ್ಟು ಕೊಡುವುದರಿಂದ ಪೂರ್ಣ ತುಂಬಿದ ಬ್ಯಾಟರಿ, ಎಂಜಿನ್ ನಿಂತು ಕೆಲವು ಗಂಟೆಗಳಾದ ಮೇಲೆ, ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.4 ಇದ್ದರೆ ಮುಕ್ಕಾಲು ಭಾಗ ತುಂಬಿದೆಯೆಂದು ತಿಳಿಯಬೇಕು. 12ಕ್ಕಿಂತ ಕೆಳಗಿಳಿದರೆ ಬಹುತೇಕ ಬರಿದಾದಂತೆಯೇ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಇರಬೇಕು. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತ ಹೊಸ ಬ್ಯಾಟರಿಯೂ ಅರೆಹೊಟ್ಟೆಯಲ್ಲಿ ಇರಬಹುದು. ಆದುದರಿಂದ ಕೂರಿಸುವ ಮುನ್ನ ಅಂಗಡಿಯವರಿಂದಲೇ ಅಳೆಸಿ ನೋಡುವುದು ಒಳಿತು. ವೋಲ್ಟೇಜ್ ಕಡಿಮೆಯಿದ್ದರೆ ಅಲಾರಂ ವಿಚಿತ್ರವಾಗಿ ವರ್ತಿಸುತ್ತದೆ, ಅದರ ಆರೋಪವು ನಿರಪರಾಧಿಯಾದ ಅಲಾರಂನ ಮೇಲೆ ಬೀಳುತ್ತದೆ.

ಅಲಾರಂನ ಅಂಗಾಂಗಗಳು

ಕಂಪನಿಯಿಂದಲೇ ಬಂದಿರಲಿ, ಹೊರಗೆ ಹಾಕಿಸಿದ್ದಿರಲಿ, ಅಲಾರಂನಲ್ಲಿ ಮುಖ್ಯವಾಗಿ ಐದು ಭಾಗಗಳಿರುತ್ತವೆ. ಮೊದಲನೆಯದು, ಡ್ಯಾಶ್‌ಬೋರ್ಡಿನ ಒಳಗೆ ಅಡಗಿರುವ ಪೆಟ್ಟಿಗೆ. ಇದು ಮಿದುಳು. ಎರಡನೆಯದು, ನಮ್ಮ ಕೈಯಲ್ಲಿರುವ ರಿಮೋಟ್. ಮೂರನೆಯದು, ಬಾನೆಟ್ಟಿನ ಕೆಳಗಿರುವ ಸೈರನ್. ನಾಲ್ಕನೆಯದು, ಬಾಗಿಲು, ಡಿಕ್ಕಿ, ಬಾನೆಟ್‌ಗಳು ತೆರೆದಿವೆಯೋ ಮುಚ್ಚಿವೆಯೋ ಎಂದು ತಿಳಿಸುವ ಒತ್ತುಗುಂಡಿಗಳು ಮತ್ತು ಕಾರಿಗೆ ಪೆಟ್ಟು ಬಿದ್ದರೆ ಅರಿಯುವ ಸಂವೇದಕ. ಐದನೆಯದು, ಎಂಜಿನ್ ಚಾಲೂ ಆಗದಂತೆ ತಡೆಯುವ ಇಮ್ಮೊಬಿಲೈಸರ್.

ಈ ಮಿದುಳಿಗೆ ಒಂದು ವಿಶೇಷ ಗುಣವಿದೆ. ವಿದ್ಯುತ್ತು ಕಡಿತಗೊಂಡರೂ ತನ್ನ ಕೊನೆಯ ಸ್ಥಿತಿಯನ್ನು ಅದು ಸಾಮಾನ್ಯವಾಗಿ ಮರೆಯುವುದಿಲ್ಲ. ಹೀಗೆ ನೆನಪಿಟ್ಟುಕೊಳ್ಳದಿದ್ದರೆ ಕಳ್ಳನು ಬ್ಯಾಟರಿಯ ತಂತಿಯನ್ನು ಒಮ್ಮೆ ಕಳಚಿ ಮತ್ತೆ ಸೇರಿಸಿ ಕಾರನ್ನು ಸಲೀಸಾಗಿ ಒಯ್ಯಬಹುದಿತ್ತು. ಕಾವಲಿನಲ್ಲಿದ್ದಾಗ ಬ್ಯಾಟರಿ ಸತ್ತಿದ್ದರೆ, ಹೊಸ ಬ್ಯಾಟರಿ ಬಂದೊಡನೆ ಅದು ಕಾವಲಿನಲ್ಲೇ ಎಚ್ಚರಗೊಳ್ಳುತ್ತದೆ. ತೆರೆದ ಬಾನೆಟ್ಟನ್ನು ಕಂಡು ಕಳ್ಳ ಬಂದನೆಂದೇ ತಿಳಿದು ಕೂಗುತ್ತದೆ. ಇದು ದೋಷವಲ್ಲ, ಕರ್ತವ್ಯನಿಷ್ಠೆ.

ಪರೀಕ್ಷೆಗೆ ಇಳಿಯುವ ಮುನ್ನ

ಕೆಲವು ಎಚ್ಚರಿಕೆಗಳನ್ನು ಇಲ್ಲಿ ಹೇಳುವುದು ಅವಶ್ಯ. ಕಾರಿನ ಕೀಲಿಯನ್ನು ಒಳಗೆ ಬಿಟ್ಟಿರಬಾರದು, ಜೇಬಿನಲ್ಲಿರಲಿ, ಒಂದು ಕಿಟಕಿಯ ಗಾಜೂ ಇಳಿದಿರಲಿ. ಬ್ಯಾಟರಿಯ ಸಂಪರ್ಕ ಮರಳಿದೊಡನೆ ಕೆಲವು ಕಾರುಗಳು ತಾವಾಗಿಯೇ ಬಾಗಿಲು ಬೀಗ ಹಾಕಿಕೊಳ್ಳುತ್ತವೆ. ಬ್ಯಾಟರಿಯ ಸಮೀಪ ಬೆಂಕಿಕಡ್ಡಿ, ಸಿಗರೇಟು ಸಲ್ಲದು, ಏಕೆಂದರೆ ಅದರಿಂದ ಹೊರಡುವ ಜಲಜನಕ ಅನಿಲವು ಹೊತ್ತಿಕೊಳ್ಳುವಂಥದು. ತಂತಿ ಕಳಚುವಾಗ ಮೊದಲು ಋಣ, ಆಮೇಲೆ ಧನ. ಸೇರಿಸುವಾಗ ಮೊದಲು ಧನ, ಕಟ್ಟಕಡೆಗೆ ಋಣ. ಈ ಕ್ರಮ ತಪ್ಪಿದರೆ, ಧನ ಕ್ಲಾಂಪಿನ ಮೇಲಿರುವ ಸ್ಪ್ಯಾನರ್ ಕಾರಿನ ಲೋಹದ ಮೈಯನ್ನು ತಗುಲಿ ಕಿಡಿ ಹಾರುತ್ತದೆ, ಫ್ಯೂಸುಗಳು ಹೋಗುತ್ತವೆ. ಕೈಬೆರಳಿನ ಉಂಗುರ, ಕೈಗಡಿಯಾರಗಳನ್ನೂ ತೆಗೆದಿಡುವುದು ಕ್ಷೇಮ.

ಇನ್ನು ಲಕ್ಷಣಗಳನ್ನು ಒಂದೊಂದಾಗಿ ನೋಡೋಣ.

ಲಕ್ಷಣ ಒಂದು: ಸದ್ದೂ ಇಲ್ಲ, ಬೆಳಕೂ ಇಲ್ಲ

ಗುಂಡಿಯೊತ್ತಿದಾಗ ಇಂಡಿಕೇಟರ್ ಮಿನುಗದೆ, ಡ್ಯಾಶ್‌ಬೋರ್ಡಿನ ಪುಟ್ಟ ಕೆಂಪು ದೀಪವೂ ಉರಿಯದಿದ್ದರೆ ಮಿದುಳಿಗೆ ವಿದ್ಯುತ್ತು ತಲುಪುತ್ತಿಲ್ಲವೆಂದೇ ಅರ್ಥ. ಮೊದಲು ಬ್ಯಾಟರಿಯ ಎರಡು ಕ್ಲಾಂಪುಗಳನ್ನು ಕೈಯಿಂದ ತಿರುವಿ ನೋಡಬೇಕು. ಕೈಯಿಂದ ತಿರುಗಿದರೆ ಅದು ಸಡಿಲವೇ ಸರಿ. ನಮ್ಮ ದೇಶದ ಕಾರುಗಳಲ್ಲಿ ತೆಳು ಗೂಟದ ಬ್ಯಾಟರಿಗಳೂ ದಪ್ಪ ಗೂಟದ ಬ್ಯಾಟರಿಗಳೂ ಬಳಕೆಯಲ್ಲಿವೆ. ದಪ್ಪ ಗೂಟಕ್ಕಾಗಿ ಮಾಡಿದ ಕ್ಲಾಂಪನ್ನು ತೆಳು ಗೂಟಕ್ಕೆ ತೊಡಿಸಿದರೆ ಎಷ್ಟು ಬಿಗಿದರೂ ನಿಲ್ಲದು. ಹಾಗೆಯೇ ಧನ ಗೂಟ ಎಡಕ್ಕಿರುವ, ಬಲಕ್ಕಿರುವ ಎರಡು ಬಗೆಗಳಿವೆ. ತಪ್ಪು ಬಗೆ ತಂದರೆ ತಂತಿಯನ್ನು ಎಳೆದು ಎಳೆದು ಸೇರಿಸಬೇಕಾಗುತ್ತದೆ. ಹಳೆಯ ಬ್ಯಾಟರಿಯ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಅದನ್ನೇ ಕೇಳಿ ಪಡೆಯುವುದು ಸರಿಯಾದ ಮಾರ್ಗ.

ಎರಡನೆಯದಾಗಿ, ದಪ್ಪ ತಂತಿಗಳ ಪಕ್ಕದಲ್ಲಿ ತೆಳು ತಂತಿಗಳಿರಬೇಕಿತ್ತೇ ಎಂದು ಹುಡುಕಬೇಕು. ಹೊರಗೆ ಹಾಕಿಸಿದ ಅಲಾರಂಗಳ ಕೆಂಪು ಅಥವಾ ಕಪ್ಪು ತಂತಿಯನ್ನು ಬ್ಯಾಟರಿಯ ಕ್ಲಾಂಪಿಗೇ ನೇರವಾಗಿ ಸೇರಿಸಿರುವುದುಂಟು. ಅವಸರದಲ್ಲಿ ಬ್ಯಾಟರಿ ಬದಲಿಸುವವರು ದಪ್ಪ ತಂತಿಯನ್ನು ಬಿಗಿದು ತೆಳುವಾದುದನ್ನು ಮರೆತುಬಿಡುತ್ತಾರೆ. ನಮ್ಮ ಮನೆಯಲ್ಲಿ ಆದುದು ಇದೇ.

ಮೂರನೆಯದು ಫ್ಯೂಸ್. ಅಲಾರಂನ ಕೆಂಪು ತಂತಿಯ ದಾರಿಯಲ್ಲೇ ಒಂದು ಚಿಕ್ಕ ಡಬ್ಬಿಯೊಳಗೆ ಅದರದೇ ಫ್ಯೂಸ್ ಇರುತ್ತದೆ. ಕಾರಿನ ಫ್ಯೂಸ್ ಪೆಟ್ಟಿಗೆಯಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಬ್ಯಾಟರಿ ಸೇರಿಸುವಾಗ ಕಿಡಿ ಹಾರಿದ್ದರೆ ಇದು ಹೋಗಿರುವ ಸಂಭವ ಹೆಚ್ಚು. ಅಲಗಿನಾಕಾರದ ಫ್ಯೂಸುಗಳಲ್ಲಿ ಬಣ್ಣವೇ ಭಾಷೆ. ಕಂದು 7.5 ಆಂಪಿಯರ್, ಕೆಂಪು 10, ನೀಲಿ 15, ಹಳದಿ 20, ಹಸಿರು 30. ಹೋದ ಫ್ಯೂಸಿನ ಬಣ್ಣದ್ದನ್ನೇ ಹಾಕತಕ್ಕದ್ದು. ದೊಡ್ಡದನ್ನು ಹಾಕಿದರೆ, ತಂತಿ ಸುಡುವವರೆಗೂ ಫ್ಯೂಸ್ ಹೋಗದು. ತಂತಿಯ ಚೂರನ್ನೋ ಬೆಳ್ಳಿ ಕಾಗದವನ್ನೋ ತುರುಕುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ.

ಲಕ್ಷಣ ಎರಡು: ದೀಪವಿದೆ, ರಿಮೋಟಿಗೆ ಮಾತ್ರ ಓಗೊಡದು

ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿನುಗುತ್ತಿದ್ದು ರಿಮೋಟಿಗೆ ಉತ್ತರ ಬಾರದಿದ್ದರೆ ದೋಷವನ್ನು ಕೈಯಲ್ಲಿರುವ ರಿಮೋಟಿನಲ್ಲಿ ಹುಡುಕಬೇಕು. ಕಂಪನಿಯ ರಿಮೋಟುಗಳಲ್ಲಿ ಬಹುಮಟ್ಟಿಗೆ ಸಿಆರ್ 2032ರಂತಹ 3 ವೋಲ್ಟಿನ ಬಿಲ್ಲೆ ಸೆಲ್ಲು, ಹೊರಗಿನ ಅನೇಕ ಅಲಾರಂಗಳ ರಿಮೋಟಿನಲ್ಲಿ 12 ವೋಲ್ಟಿನ ಗಿಡ್ಡ ಉರುಟು ಸೆಲ್ಲು ಇರುತ್ತದೆ. ಕಾರಿನ ಸಮೀಪ ಬಂದರೆ ಮಾತ್ರ ಕೆಲಸ ಮಾಡುತ್ತದೆ ಎಂದಾದರೆ ಸೆಲ್ಲು ಸೋತಿದೆ ಎಂದರ್ಥ.

ಸೆಲ್ಲು ಹೊಸದಾದರೂ ಉತ್ತರ ಬಾರದಿದ್ದರೆ ಇನ್ನೊಂದು ಸಾಧ್ಯತೆಯಿದೆ. ರಿಮೋಟ್ ಪ್ರತಿ ಸಲವೂ ಒಂದೇ ಸಂಕೇತ ಕಳುಹಿಸಿದರೆ ಕಳ್ಳನು ಅದನ್ನು ಗಾಳಿಯಲ್ಲೇ ಹಿಡಿದು ಮರುದಿನ ಬಳಸಬಹುದಷ್ಟೆ. ಆದುದರಿಂದ ಒತ್ತಿದ ಪ್ರತಿ ಸಲವೂ ಸಂಕೇತ ಬದಲಾಗುವ ವ್ಯವಸ್ಥೆಯನ್ನು ಮಾಡಲಾಗಿದೆ. ರಿಮೋಟಿನಲ್ಲೂ ಕಾರಿನಲ್ಲೂ ಒಂದೊಂದು ಎಣಿಕೆಯಿದ್ದು ಎರಡೂ ಜೊತೆಜೊತೆಯಾಗಿ ಮುಂದೆ ಸಾಗುತ್ತವೆ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡು, 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿಯ ಕೈಸೇರಿದ ಕೀಲಾಕ್ ಎಂಬುದು ಇಂತಹ ಒಂದು ಪ್ರಸಿದ್ಧ ಪದ್ಧತಿ. ಅದರಲ್ಲಿ ರಿಮೋಟಿನ ಎಣಿಕೆ ಕಾರಿನದಕ್ಕಿಂತ 16 ಹೆಜ್ಜೆಯೊಳಗೆ ಮುಂದಿದ್ದರೆ ಕಾರು ಒಂದೇ ಒತ್ತಿಗೆ ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಬಹಳ ಮುಂದೆ ಹೋಗಿದ್ದರೆ ಬೆನ್ನುಬೆನ್ನಿಗೆ ಎರಡು ಸಲ ಒತ್ತಿದಾಗ ಮತ್ತೆ ಹೆಜ್ಜೆ ಹೊಂದಿಸಿಕೊಳ್ಳುತ್ತದೆ. ಊರಿಗೆ ಒಯ್ದ ಕೀಲಿಗೊಂಚಲು ಒಂದು ತಿಂಗಳು ಮೊಮ್ಮಕ್ಕಳ ಕೈಯಲ್ಲಿ ಆಟಿಕೆಯಾಗಿದ್ದರೆ ಎಣಿಕೆ ಎಷ್ಟು ಮುಂದೆ ಹೋಗಿರಬೇಡ! ಕಾರಿನ ಬಳಿ ನಿಂತು ಗುಂಡಿಯನ್ನು ಎರಡು ಮೂರು ಸಲ ನಿಧಾನವಾಗಿ ಒತ್ತಿದರೆ ಅನೇಕ ವೇಳೆ ಕೆಲಸ ಆಗಿಬಿಡುತ್ತದೆ. ಆಗದಿದ್ದರೆ ಮನೆಯಲ್ಲಿರುವ ಎರಡನೆಯ ರಿಮೋಟನ್ನು ತಂದು ನೋಡಬೇಕು. ಅದು ಕೆಲಸ ಮಾಡಿದರೆ ಕಾರಿನ ಕಡೆ ದೋಷವಿಲ್ಲವೆಂದು ಖಚಿತವಾಗುತ್ತದೆ.

ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿದ್ದರೆ ಅಲಾರಂ ವ್ಯಾಲೆ ಸ್ಥಿತಿಯಲ್ಲಿ ಇರಬಹುದು. ಕಾರನ್ನು ಗ್ಯಾರೇಜಿಗೆ ಬಿಡುವಾಗ ಅಲಾರಂ ತೊಂದರೆ ಕೊಡದಿರಲೆಂದು ಅದನ್ನು ತಾತ್ಕಾಲಿಕವಾಗಿ ಸುಮ್ಮನಿರಿಸುವ ವ್ಯವಸ್ಥೆಯಿದು. ಆಗ ಬಾಗಿಲುಗಳು ಮುಚ್ಚಿ ತೆರೆಯುತ್ತವೆ, ಕಾವಲು ಮಾತ್ರ ಇರುವುದಿಲ್ಲ. ಸಾಮಾನ್ಯವಾಗಿ ಸ್ಟೀರಿಂಗಿನ ಕೆಳಭಾಗದಲ್ಲಿ ಇದರ ಗುಪ್ತ ಗುಂಡಿಯಿರುತ್ತದೆ. ಕೀಲಿಯನ್ನು ತಿರುಗಿಸಿ ಆ ಗುಂಡಿಯೊತ್ತಿ ಹೊರತರುವ ಕ್ರಮ ಒಂದೊಂದು ಅಲಾರಂನಲ್ಲಿ ಒಂದೊಂದು ಬಗೆ. ಆದುದರಿಂದ ಕೈಪಿಡಿಯನ್ನು ನೋಡದೆ ಊಹೆಯಿಂದ ಒತ್ತಬಾರದು.

ಲಕ್ಷಣ ಮೂರು: ಬಾಗಿಲು ಮುಚ್ಚುತ್ತದೆ, ಸೈರನ್ ಮಾತ್ರ ಮೂಕ

ಇಲ್ಲಿ ಮಿದುಳು ಸರಿಯಾಗಿದೆ, ಗಂಟಲು ಕಟ್ಟಿದೆ. ಬ್ಯಾಟರಿಯನ್ನು ಎತ್ತಿ ಇಳಿಸುವಾಗ ಸೈರನ್ನಿನ ತಂತಿ ಜಗ್ಗಿ ಕಳಚಿಕೊಂಡಿರಬಹುದು. ಅನೇಕ ಕಾರುಗಳಲ್ಲಿ ಸೈರನ್ ಬ್ಯಾಟರಿಯ ಮಗ್ಗುಲಲ್ಲೇ ಇರುತ್ತದೆ. ಕೆಲವು ಅಲಾರಂಗಳಲ್ಲಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಸದ್ದಿಲ್ಲದೆ ಕಾವಲಿರುವ ಸ್ಥಿತಿಗೆ ಹೋಗುತ್ತದೆ, ಅದೂ ಆಗಿರಬಹುದು. ಇನ್ನು, ಕೆಲವು ಸೈರನ್ನುಗಳಿಗೆ ತಮ್ಮದೇ ಒಳಬ್ಯಾಟರಿ ಮತ್ತು ಪುಟ್ಟ ಕೀಲಿ ಇರುತ್ತವೆ. ಕಳ್ಳನು ಮುಖ್ಯ ಬ್ಯಾಟರಿಯ ತಂತಿ ಕತ್ತರಿಸಿದರೂ ಕೂಗಲೆಂದು ಈ ಏರ್ಪಾಡು. ಬ್ಯಾಟರಿ ಬದಲಿಸುವಾಗ ಮೆಕ್ಯಾನಿಕ್ ಆ ಕೀಲಿಯನ್ನು ಮುಚ್ಚಿ, ಮತ್ತೆ ತೆರೆಯಲು ಮರೆತಿದ್ದರೆ ಸೈರನ್ ಮೂಕವಾಗಿಯೇ ಉಳಿಯುತ್ತದೆ. ಹಲವು ವರ್ಷ ಹಳೆಯದಾದ ಒಳಬ್ಯಾಟರಿ ಸೋರಿ ಸೈರನ್ನನ್ನೇ ಕೆಡಿಸುವುದೂ ಉಂಟು. ಆಗ ಸೈರನ್ ಒಂದನ್ನಷ್ಟೇ ಬದಲಿಸಿದರೆ ಸಾಕು, ಇಡೀ ಅಲಾರಂ ಬದಲಿಸುವ ಅಗತ್ಯವಿಲ್ಲ.

ಲಕ್ಷಣ ನಾಲ್ಕು: ಅಕಾರಣವಾಗಿ ಕೂಗುವುದು

ಇದು ನೆರೆಹೊರೆಯವರ ನಿದ್ರೆ ಕೆಡಿಸುವ ಲಕ್ಷಣ. ಹೊಸ ಬ್ಯಾಟರಿ ಸೇರಿಸಿದ ಕ್ಷಣದಲ್ಲಿ ಕೂಗಿದರೆ ಅದು ಮೇಲೆ ಹೇಳಿದ ನೆನಪಿನ ಫಲ, ಬಾನೆಟ್ ಮುಚ್ಚಿ ರಿಮೋಟ್ ಒತ್ತಿದರೆ ನಿಲ್ಲುತ್ತದೆ. ಆದರೆ ಕಾವಲಿಗೆ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಪದೇ ಪದೇ ಕೂಗಿದರೆ ಮೊದಲು ಸಂದೇಹಿಸಬೇಕಾದುದು ಬಾನೆಟ್ಟಿನ ಒತ್ತುಗುಂಡಿಯನ್ನು. ಬಾನೆಟ್ಟಿನ ಅಂಚಿನಲ್ಲಿ ಸ್ಪ್ರಿಂಗಿನ ಮೇಲೆ ನಿಂತಿರುವ ಈ ಪುಟ್ಟ ಕಡ್ಡಿ, ಬಾನೆಟ್ ಮುಚ್ಚಿದಾಗ ಕೆಳಗೆ ಒತ್ತಲ್ಪಡಬೇಕು. ಬ್ಯಾಟರಿ ಎತ್ತುವಾಗ ತಗುಲಿ ಅದು ಬಾಗಿರಬಹುದು. ಮುಂಬಯಿ, ಚೆನ್ನೈಗಳ ಉಪ್ಪುಗಾಳಿಗೂ ಮಳೆಗೂ ತುಕ್ಕು ಹಿಡಿದು ಅಂಟಿಕೊಂಡಿರಲೂಬಹುದು. ಬಾನೆಟ್ ಇನ್ನೂ ತೆರೆದಿದೆ ಎಂದು ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತಲೇ ಇರುತ್ತದೆ. ಕಾವಲಿಗೆ ಹಾಕುವಾಗ ಎಂದಿಗಿಂತ ಹೆಚ್ಚು ಸಲ ಚಿರ್ ಎಂದರೆ ಏನೋ ತೆರೆದಿದೆ ಎಂಬ ಸೂಚನೆಯೆಂದು ತಿಳಿಯಬಹುದು. ಕಡ್ಡಿಯನ್ನು ನೇರಗೊಳಿಸಿ, ತುಕ್ಕು ಒರೆಸಿ, ತೊಟ್ಟು ಎಣ್ಣೆ ಬಿಟ್ಟರೆ ಬಹಳಷ್ಟು ಸಲ ಸರಿಹೋಗುತ್ತದೆ.

ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಶಬ್ದದ ಮಿತಿ 45 ಡೆಸಿಬೆಲ್. ಕಾರಿನ ಸೈರನ್ ಸಮೀಪದಲ್ಲಿ 100 ಡೆಸಿಬೆಲ್ಲನ್ನೂ ಮೀರುತ್ತದೆ. ಮೇಲಿನ ಮಹಡಿಯಲ್ಲಿ ವೃದ್ಧರು, ಹಸುಗೂಸುಗಳು, ಮರುದಿನ ಪರೀಕ್ಷೆ ಬರೆಯುವ ಮಕ್ಕಳು ಇರುತ್ತಾರೆ. ಅಷ್ಟೇ ಅಲ್ಲ, ದಿನವೂ ಸುಳ್ಳು ಕೂಗುವ ಅಲಾರಂ ನಿಜವಾಗಿ ಕೂಗಿದ ದಿನ ವಾಚ್‌ಮನ್ ಕೂಡ ತಿರುಗಿ ನೋಡುವುದಿಲ್ಲ.

ಲಕ್ಷಣ ಐದು: ಎಲ್ಲವೂ ಸರಿ, ಎಂಜಿನ್ ಚಾಲೂ ಆಗದು

ಇಮ್ಮೊಬಿಲೈಸರಿನಲ್ಲಿ ಎರಡು ಬಗೆಗಳಿವೆ. ಕಂಪನಿಯಿಂದ ಬರುವುದು ಕೀಲಿಯ ತಲೆಯೊಳಗಿನ ಪುಟ್ಟ ಚಿಪ್ಪನ್ನು ಗುರುತಿಸುತ್ತದೆ. ಮಾರುತಿ ಸುಜುಕಿಯವರ ಐ-ಕ್ಯಾಟ್ಸ್ ಈ ಬಗೆಯದು. ಈ ಚಿಪ್ಪಿಗೆ ಸೆಲ್ಲು ಬೇಕಿಲ್ಲ, ಕೀಲಿರಂಧ್ರದ ಸುತ್ತಲಿನ ತಂತಿಸುರುಳಿಯಿಂದಲೇ ಅದು ಶಕ್ತಿ ಪಡೆಯುತ್ತದೆ. ಆದುದರಿಂದ ರಿಮೋಟಿನ ಸೆಲ್ಲು ಸತ್ತರೂ ಕೀಲಿ ಹಾಕಿ ತಿರುಗಿಸುವ ಕಾರು ಚಾಲೂ ಆಗಬೇಕು. ಕಾರಿನ ಬ್ಯಾಟರಿ ಬದಲಿಸಿದ ಮಾತ್ರಕ್ಕೆ ಈ ಗುರುತು ಸಾಮಾನ್ಯವಾಗಿ ಅಳಿಯುವುದಿಲ್ಲ. ಕೀಲಿ ಅಥವಾ ಬೀಗದ ಚಿತ್ರದ ದೀಪ ಡ್ಯಾಶ್‌ಬೋರ್ಡಿನಲ್ಲಿ ಮಿನುಗುತ್ತಿದ್ದರೆ ಕೀಲಿಯನ್ನು ಹೊರತೆಗೆದು, ಗೊಂಚಲಿನ ಇತರ ಕೀಲಿಗಳನ್ನು ಬೇರೆ ಮಾಡಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಎರಡನೆಯ ಕೀಲಿಯಿಂದಲೂ ಆಗದಿದ್ದರೆ ಅಧಿಕೃತ ಸರ್ವಿಸ್ ಕೇಂದ್ರವೇ ಗತಿ, ಇಲ್ಲಿ ಮನೆವೈದ್ಯ ನಡೆಯದು.

ಹೊರಗಿನ ಅಲಾರಂಗಳಲ್ಲಿ ಇಗ್ನಿಷನ್ ಅಥವಾ ಸ್ಟಾರ್ಟರಿನ ತಂತಿಯನ್ನು ಒಂದು ರಿಲೇಯ ಮೂಲಕ ಹಾಯಿಸಿರುತ್ತಾರೆ. ಕೆಲವರು ಜೋಡಿಸುವ ಕ್ರಮದಲ್ಲಿ, ಮಿದುಳಿಗೆ ವಿದ್ಯುತ್ತಿಲ್ಲದಿದ್ದರೆ ಈ ದಾರಿ ಮುಚ್ಚಿಯೇ ಇರುತ್ತದೆ. ಆ ಮಳೆಯ ಬೆಳಗ್ಗೆ ನಮ್ಮ ಕಾರು ಅಲುಗದಿದ್ದುದಕ್ಕೆ ಇದೇ ಕಾರಣ. ಕತ್ತರಿಸಿ ತೆಗೆಯುತ್ತೇನೆ ಎಂದಿದ್ದ ಹುಡುಗನು ಸೈರನ್ನಿನ ತಂತಿಯನ್ನಷ್ಟೇ ಕತ್ತರಿಸಿದ್ದರೂ ಕಾರು ಅಲ್ಲೇ ನಿಂತಿರುತ್ತಿತ್ತು.

ಕತ್ತರಿಸುವುದು ಪರಿಹಾರವಲ್ಲ

ಅಲಾರಂ ತೊಂದರೆ ಕೊಟ್ಟಾಗ ಅದನ್ನು ಕತ್ತರಿಸಿ ಎಸೆಯುವ ಸಲಹೆ ಸುಲಭವಾಗಿ ಸಿಗುತ್ತದೆ. ಆದರೆ ಅದರ ತಂತಿಗಳು ಸೆಂಟ್ರಲ್ ಲಾಕಿಂಗ್, ಇಂಡಿಕೇಟರ್, ಇಗ್ನಿಷನ್ ಇವೆಲ್ಲದರೊಡನೆ ಹೆಣೆದುಕೊಂಡಿರುತ್ತವೆ. ಅರೆಬರೆಯಾಗಿ ಕತ್ತರಿಸಿದ ತಂತಿಗಳು ಮುಂದೆ ಯಾವಾಗಲೋ ಒಂದಕ್ಕೊಂದು ತಗುಲಿ ಹೊಸ ತೊಂದರೆ ತರುತ್ತವೆ. ಹಾಗೊಂದು ವೇಳೆ ತೆಗೆಯಲೇಬೇಕೆಂದರೆ ಕೂರಿಸಿದವರಿಂದಲೇ ಪೂರ್ಣವಾಗಿ ತೆಗೆಸಿ, ಮೂಲ ತಂತಿಗಳನ್ನು ಮೊದಲಿನಂತೆ ಜೋಡಿಸಿಸಬೇಕು.

ವಿಮೆಯ ದೃಷ್ಟಿಯಿಂದಲೂ ಯೋಚಿಸಬೇಕು. ಪುಣೆಯಲ್ಲಿರುವ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಸಂಸ್ಥೆಯಿಂದ ಅನುಮೋದನೆ ಪಡೆದ ಕಳವು ನಿರೋಧಕ ಸಾಧನವಿದ್ದರೆ ವಿಮಾ ಕಂತಿನಲ್ಲಿ ಅಲ್ಪ ರಿಯಾಯಿತಿ ಕೊಡುವ ಕ್ರಮವಿದೆ. ರಿಯಾಯಿತಿ ಪಡೆದು, ಆ ಸಾಧನವನ್ನೇ ಕಿತ್ತುಹಾಕಿದ್ದರೆ ಮುಂದೆ ವಾದವಿವಾದಕ್ಕೆ ಎಡೆಯಾಗಬಹುದು. ಅಲ್ಲದೆ ಕಾರು ಕಳವಾದಾಗ ವಿಮಾ ಕಂಪನಿಯವರು ಎರಡೂ ಕೀಲಿಗಳನ್ನು ಕೇಳುವುದು ವಾಡಿಕೆ. ಎರಡನೆಯ ಕೀಲಿ ಮತ್ತು ರಿಮೋಟ್ ಮನೆಯಲ್ಲಿ ಎಲ್ಲಿದೆಯೆಂದು ಇಂದೇ ನೋಡಿಕೊಳ್ಳುವುದು ಒಳಿತು.

ಮುಂದಿನ ಸಲ ಬ್ಯಾಟರಿ ಬದಲಿಸುವಾಗ

ಹಳೆಯ ಬ್ಯಾಟರಿಯಲ್ಲಿ ಇನ್ನೂ ಜೀವವಿದ್ದರೆ, ತಂತಿ ಕಳಚುವ ಮೊದಲೇ ಅಲಾರಂನ ಕಾವಲನ್ನು ತೆಗೆದು ವ್ಯಾಲೆ ಸ್ಥಿತಿಗೆ ತರಬೇಕು. ಸೈರನ್ನಿಗೆ ಕೀಲಿಯಿದ್ದರೆ ಅದನ್ನೂ ಮುಚ್ಚಬೇಕು. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಮೊಬೈಲ್ ಇದೆ. ಯಾವ ತೆಳು ತಂತಿ ಯಾವ ಗೂಟದಲ್ಲಿತ್ತೆಂದು ಮೊದಲೇ ಒಂದು ಚಿತ್ರ ತೆಗೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಗೂಟದ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ, ತಂತಿಗಳನ್ನು ಕಳಚಿದ ಮೇಲೆ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ಕ್ಲಾಂಪುಗಳನ್ನು ತೊಳೆದು, ಒರೆಸಿ ಒಣಗಿಸಿ, ಬಿಗಿದಾದ ಮೇಲೆ ತೆಳುವಾಗಿ ವ್ಯಾಸಲೀನ್ ಸವರಬೇಕು. ಕೆಲಸ ಮುಗಿದ ಮೇಲೆ ಹೆಡ್‌ಲೈಟ್, ಹಾರನ್‌ಗಳಿಗೆ ತೃಪ್ತರಾಗದೆ, ಎಂಜಿನ್ ಚಾಲೂ ಮಾಡಿಸಿ, ಬಾನೆಟ್ ಮುಚ್ಚಿಸಿ, ಅಲಾರಂ ಹಾಕಿ ತೆಗೆದು, ಎರಡೂ ರಿಮೋಟುಗಳನ್ನು ಪರೀಕ್ಷಿಸಿದ ಮೇಲೆಯೇ ಹಣ ಕೊಡತಕ್ಕದ್ದು. ವಾರಂಟಿ ಕಾರ್ಡಿಗೆ ದಿನಾಂಕ ಮತ್ತು ಮೊಹರು ಹಾಕಿಸಿಕೊಳ್ಳಬೇಕು. ಹಳೆಯ ಬ್ಯಾಟರಿಯಲ್ಲಿ ಸೀಸ ಮತ್ತು ಆಮ್ಲ ಇರುವುದರಿಂದ ಅದನ್ನು ಅಂಗಡಿಗೇ ಮರಳಿಸಬೇಕು.

ಬ್ಯಾಟರಿ ಬದಲಾದ ಮೇಲೆ ಗಡಿಯಾರ ತಪ್ಪುವುದು, ಕೆಲವು ರೇಡಿಯೋಗಳು ಗುಪ್ತ ಸಂಖ್ಯೆ ಕೇಳುವುದು, ಒಂದೇ ಒತ್ತಿಗೆ ಏರುವ ಕಿಟಕಿಯ ಗಾಜು ಅರ್ಧಕ್ಕೆ ನಿಲ್ಲುವುದು ಸಹಜ. ಇವನ್ನು ಸರಿಪಡಿಸುವ ಕ್ರಮ ಕಾರಿನ ಕೈಪಿಡಿಯಲ್ಲಿದೆ. ಅಲಾರಂನ ಕೈಪಿಡಿ ಮತ್ತು ಗುಪ್ತ ಸಂಖ್ಯೆಯ ಚೀಟಿಯನ್ನು ಕಾರಿನೊಳಗೆ ಇಡದೆ, ಮನೆಯಲ್ಲಿ ವಿಮೆಯ ಪತ್ರಗಳ ಜೊತೆಗೆ ಇಡಬೇಕು.

ಊರಿಗೆ ಹೊರಡುವ ಮುನ್ನ ನಂಬಿಕೆಯ ನೆರೆಯವರಿಗೆ ಕೀಲಿ ಕೊಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ಕಾರನ್ನು ಓಡಿಸಲು ಕೇಳಿಕೊಂಡರೆ ಬ್ಯಾಟರಿ ಬರಿದಾಗುವ ಪ್ರಮೇಯವೇ ಬಹುಮಟ್ಟಿಗೆ ತಪ್ಪುತ್ತದೆ. ನಿಂತಲ್ಲೇ ಎರಡು ನಿಮಿಷ ಎಂಜಿನ್ ಗುರುಗುಟ್ಟಿಸಿದರೆ ಸಾಲದು, ಚಾಲೂ ಮಾಡಲು ವ್ಯಯವಾದುದೂ ಅದರಲ್ಲಿ ತುಂಬದು. ವಾಚ್‌ಮನ್‌ಗೆ ನಮ್ಮ ಊರಿನ ದೂರವಾಣಿ ಸಂಖ್ಯೆಯನ್ನು ಬರೆದುಕೊಟ್ಟು ಹೋಗುವುದೂ ವಿವೇಕದ ಮಾತು.

ನಮ್ಮ ಮಾತೃಶ್ರೀಯವರಿಗೆ ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆ ಅದೇ ವರ್ಷ ದೀಪಾವಳಿಯ ನಂತರ ನಡೆಯಿತು. ಹಿಂದಿನ ರಾತ್ರಿ ಕೆಳಗಿಳಿದು, ಕ್ಲಾಂಪುಗಳನ್ನು ಕೈಯಿಂದ ತಿರುವಿ ನೋಡಿ, ಕಪ್ಪು ತಂತಿಯ ಬಳೆಯನ್ನು ಮುಟ್ಟಿ ನೋಡಿ, ಎಂಜಿನ್ ಒಮ್ಮೆ ಚಾಲೂ ಮಾಡಿ ಬಂದೆವು. ಬೆಳಗ್ಗೆ ರಿಮೋಟ್ ಒತ್ತಿದಾಗ ಇಂಡಿಕೇಟರ್ ಎರಡು ಸಲ ಮಿನುಗಿತು. ತಾಯಿಯವರು ಹಿಂದಿನ ಆಸನದಲ್ಲಿ ಕುಳಿತು, "ಇವತ್ತು ಗಾಡಿ ಹೊರಡ್ತದಲ್ಲ ಮಗಾ?" ಎಂದು ಕೇಳಿದರು. ಹೊರಟಿತು.